ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ,

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅವತ್ತಿನಿಂದ ನಮ್ಮ ಗದಗ-ಬೆಟಗೇರಿಯ ಸಣ್ಣ ಪ್ರೆಸ್‌ಗಳಲ್ಲಿ ಇದೇ ಮಾತು: ಕಂಪ್ಯೂಟರ್ ಬದಲಿಸಬೇಕಂತೆ. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನನ್ನ ಪ್ರೆಸ್ಸಿನಲ್ಲಿರುವುದು ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಇವತ್ತಿಗೂ ಚೆನ್ನಾಗಿ ಓಡುತ್ತದೆ. ಇಂಥ ಮಷೀನುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಕಂಪ್ಯೂಟರ್ ಹೋದರೆ ಹೋಗಲಿ, ಹಳೆಯ ಫೈಲುಗಳ ಗತಿ ಏನು? ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆ ಎಲ್ಲವೂ ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿವೆ. ಅಕ್ಷರ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್‌ನ 4.0 ಆವೃತ್ತಿಯದ್ದು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆ. ನುಡಿಯ ಹಳೆಯ ಫಾಂಟ್‌ಗಳು ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಕೊಟ್ಟರೆ ಬರೀ ಪಠ್ಯ ಸಿಗುತ್ತದೆ, ಪುಟದ ಕಟ್ಟು ಸಿಗುವುದಿಲ್ಲ. ಉಚಿತ ಸಾಫ್ಟ್‌ವೇರ್ ಲಿಬ್ರೆ ಆಫೀಸ್ ಡ್ರಾ, ಪೇಜ್‌ಮೇಕರ್ ಫೈಲ್ ತೆರೆಯುತ್ತದೆ ನಿಜ. ಆದರೆ ನನ್ನ ಒಂದು ಜಾತ್ರೆ ಕರಪತ್ರ ತೆರೆದಾಗ ಸಾಲುಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತಿದ್ದವು. ‘ಹಿರೇಮಗಳ ಪತ್ರಿಕೆ ಮಾಡಿದ್ದಿರಲ್ಲ, ಹಂಗೇ ಇರಲಿ’ ಎಂದು ಬರುವ ಗಿರಾಕಿಗೆ ಅದನ್ನು ಕೊಡಲಾದೀತೇ?

ಹಾಗಾಗಿ ಕಂಪ್ಯೂಟರಿಗೆ ವಿಂಡೋಸ್ ಬದಲು ಉಚಿತ ಲಿನಕ್ಸ್ ಆದ ಉಬುಂಟು 24.04 ಹಾಕಿದೆ. ಅದರೊಳಗೆ ಒಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿ ಪೇಜ್‌ಮೇಕರ್ ಓಡಿಸಲು ವಿಂಡೋಸ್ ಎಕ್ಸ್‌ಪಿ ಕೂರಿಸಿದೆ. ಬಿಲ್ ಸಮೇತ ಕೊಂಡ ಸಿಡಿ ಇನ್ನೂ ನನ್ನ ಹತ್ತಿರ ಇತ್ತು. ಹೊಸ ಕೆಲಸವೆಲ್ಲ ಉಬುಂಟುವಿನಲ್ಲಿ, ಯುನಿಕೋಡ್‌ನಲ್ಲೇ. ನುಡಿಯಲ್ಲಿ ಬಳಸುತ್ತಿದ್ದ ಕಗಪ ಕೀಲಿಮಣೆ ಅದರಲ್ಲೇ ಇದೆ, ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಹಳೆಯ ಫೈಲ್ ಬಂದರೆ ಮಾತ್ರ ಎಕ್ಸ್‌ಪಿ ಕಿಟಕಿ ತೆಗೆಯುತ್ತೇನೆ.

ಹೆಚ್ಚಿನವರು ಸುಸ್ತಾಗುವುದು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ. ಎಷ್ಟೋ ಮಷೀನುಗಳಲ್ಲಿ ‘ವರ್ಚುವಲೈಸೇಷನ್ ಟೆಕ್ನಾಲಜಿ’ ಆಫ್ ಆಗಿಯೇ ಇರುತ್ತದೆ. ಎಎಂಡಿ ಪ್ರೊಸೆಸರ್ ಆದರೆ ಅದರ ಹೆಸರು ‘ಎಸ್‌ವಿಎಂ ಮೋಡ್’. ಅದನ್ನು ಆನ್ ಮಾಡದಿದ್ದರೆ ಎಕ್ಸ್‌ಪಿ ತೆವಳುತ್ತದೆ, ಪೇಜ್‌ಮೇಕರ್‌ನಲ್ಲಿ ಒಂದು ಪುಟ ತಿರುಗಿಸಲೂ ಕಾಯಬೇಕು. ಇದನ್ನು ನೋಡಿಯೇ ಹಲವರು ‘ಲಿನಕ್ಸ್ ಸರಿ ಇಲ್ಲ’ ಎಂದು ಕೈಬಿಡುತ್ತಾರೆ. ಲಿನಕ್ಸ್‌ನ ತಪ್ಪು ಏನೂ ಇಲ್ಲ, ಒಂದು ಸೆಟ್ಟಿಂಗ್ ಅಷ್ಟೇ.

ವರ್ಚುವಲ್ ಮಷೀನ್ ನಡೆಸಲು ಸಾಫ್ಟ್‌ವೇರ್ ಯಾವುದು ಅಂತ ಕೇಳುವವರಿಗೆ ನಾನು ಹೇಳುವುದು ಕೆವಿಎಂ. ಇದು 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ. ವರ್ಚುವಲ್‌ಬಾಕ್ಸ್ ಕೂಡ ಒಳ್ಳೆಯದೇ. ಆದರೆ ಅದರ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ತುಣುಕು) ಹೊರಗಿನದು. ಕರ್ನಲ್ ಅಪ್‌ಡೇಟ್ ಆದಾಗ ಅದನ್ನು ಮತ್ತೆ ಕಟ್ಟಬೇಕು, ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಸಹಿ ಕೂಡ ಬೇಕು. ಮದುವೆ ಸೀಸನ್‌ನಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಉಬುಂಟುವಿನಲ್ಲಿ ಕೆವಿಎಂ ನಡೆಸುವ ವರ್ಟ್-ಮ್ಯಾನೇಜರ್ ಹಾಕಿಕೊಂಡರೆ ಬೇಕಾದ್ದೆಲ್ಲ ಜೊತೆಗೇ ಬರುತ್ತದೆ. ನಿಮ್ಮ ಯೂಸರ್, ವರ್ಚುವಲ್ ಮಷೀನ್ ನಡೆಸಲು ಅನುಮತಿ ಇರುವ ‘ಲಿಬ್‌ವರ್ಟ್’ ಗುಂಪಿನಲ್ಲಿ ಇದೆಯಾ ನೋಡಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಎಕ್ಸ್‌ಪಿಗೆ ಡಿಸ್ಕನ್ನು ಹಳೆಯ ಮಾದರಿಯ ಐಡಿಇ ಎಂದೇ ಕೊಡಿ. ವರ್ಚುವಲ್ ಮಷೀನುಗಳಿಗೆಂದೇ ಇರುವ ವರ್ಟಿಯೋ ಎಂದು ಕೊಟ್ಟರೆ ಎಕ್ಸ್‌ಪಿ ಸೆಟಪ್‌ಗೆ ಹಾರ್ಡ್ ಡಿಸ್ಕೇ ಕಾಣುವುದಿಲ್ಲ. ರ‍್ಯಾಮ್ 1 ಜಿಬಿ ಧಾರಾಳ.

ಎಕ್ಸ್‌ಪಿಗೆ ಇಂಟರ್‌ನೆಟ್ ಮಾತ್ರ ಕೊಡಬೇಡಿ. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ನಾನು ಆ ವರ್ಚುವಲ್ ಮಷೀನಿನ ನೆಟ್‌ವರ್ಕ್ ಕಾರ್ಡನ್ನೇ ತೆಗೆದುಹಾಕಿದ್ದೇನೆ. ಪೆನ್‌ಡ್ರೈವ್ ಅನ್ನು ವರ್ಟ್-ಮ್ಯಾನೇಜರ್ ಮೆನುವಿನಿಂದಲೇ ಎಕ್ಸ್‌ಪಿಗೆ ದಾಟಿಸಬಹುದು. ಪೇಜ್‌ಮೇಕರ್‌ನಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಫೈಲ್ (ಮುದ್ರಣಕ್ಕೆ ಸಿದ್ಧವಾದ ಪುಟ) ಮಾಡಿ, ಉಬುಂಟುವಿಗೆ ತಂದು ಪಿಡಿಎಫ್ ಮಾಡಿ ಮುದ್ರಣದ ಪ್ಲೇಟ್‌ಗೆ ಕಳಿಸುತ್ತೇನೆ. ಒತ್ತಕ್ಷರ ಒಂದೂ ಜರುಗುವುದಿಲ್ಲ. ಇನ್ನೊಂದು ಅನುಕೂಲ, ಇಡೀ ಎಕ್ಸ್‌ಪಿ ಡಿಸ್ಕ್ ಒಂದೇ ಫೈಲ್. ಅದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟರೆ, ನಾಳೆ ಈ ಕಂಪ್ಯೂಟರ್ ಸುಟ್ಟುಹೋದರೂ ಬೇರೆಯದರಲ್ಲಿ ಎಬ್ಬಿಸಬಹುದು.

ಇದನ್ನೆಲ್ಲ ನಾನು ಕಲಿತದ್ದು ಇಂಗ್ಲಿಷ್ ಓದಿ. ನಮ್ಮ ಪ್ರೆಸ್‌ಗಳಲ್ಲಿ ಕೂತು ಡಿಟಿಪಿ ಮಾಡುವ ಹುಡುಗ ಹುಡುಗಿಯರಲ್ಲಿ ಎಲ್ಲರಿಗೂ ಅದು ಆಗುವ ಮಾತಲ್ಲ. ಕೆಲಸದಲ್ಲಿ ಮಾತ್ರ ಅವರು ಯಾರಿಗೂ ಕಡಿಮೆ ಇಲ್ಲ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇದನ್ನು ಚಿತ್ರ ಸಮೇತ, ಹಂತ ಹಂತವಾಗಿ, ಕನ್ನಡದಲ್ಲಿ ಕೊಡಿ. ಬಯೋಸ್ ಪರದೆಯ ಫೋಟೋ ದೊಡ್ಡದಾಗಿಯೇ ಇರಲಿ. ಬೇಕಾದರೆ ನನ್ನ ಟಿಪ್ಪಣಿಗಳನ್ನು ಕಳಿಸಿಕೊಡುತ್ತೇನೆ. ಊರಿನ ಪಾಲಿಟೆಕ್ನಿಕ್‌ನವರು ಒಂದು ಭಾನುವಾರ ಲ್ಯಾಬ್ ತೆರೆದು ಪ್ರೆಸ್‌ನವರಿಗೆ ಹೇಳಿಕೊಡುವುದಾದರೆ, ನಾನೂ ಬಂದು ಜೊತೆಗೆ ಕೂರುತ್ತೇನೆ.

— ಪ್ರೆಸ್ ನಡೆಸುವ ಓದುಗ, ಬೆಟಗೇರಿ