ವಿಕಿರಣದ ವಿವರ ಕುಟುಂಬದ ಕೈಗೆ ಸಿಗಲಿ

ಬಾಲ್ಯದಲ್ಲಿ ತಲೆಗೆ ವಿಕಿರಣ ಚಿಕಿತ್ಸೆ ಪಡೆದು ಕ್ಯಾನ್ಸರ್‌ನಿಂದ ಗುಣವಾದ ಕೆಲವರಿಗೆ ವರ್ಷಗಳ ನಂತರ ಮೆದುಳಿನಲ್ಲಿ ಬೇರೆಯದೇ ಗೆಡ್ಡೆ ಬರಬಹುದೆಂಬ ಅರಿವು ನಮ್ಮಲ್ಲಿ ತೀರಾ ಕಡಿಮೆ. ಇದು ಅಪರೂಪ, ಜೀವ ಉಳಿಸುವ ಚಿಕಿತ್ಸೆಗೆ ಹೆದರುವುದು ಖಂಡಿತ ಸಲ್ಲದು. ಆದರೆ ಇಸ್ರೇಲ್‌ನಲ್ಲಿ 1950ರ ದಶಕದಲ್ಲಿ ತಲೆಯ ಹುಳುಕಡ್ಡಿಗೆಂದು ಎಕ್ಸ್‌-ರೇ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹಲವರಿಗೆ ದಶಕಗಳ ಬಳಿಕ ಮೆದುಳುಪೊರೆಯ ಗೆಡ್ಡೆ ಬಂದು, 1994ರಲ್ಲಿ ಪರಿಹಾರದ ಕಾಯ್ದೆಯನ್ನೇ ತರಬೇಕಾಯಿತು. ಅದೂ ಕ್ಯಾನ್ಸರ್ ಚಿಕಿತ್ಸೆಗಿಂತ ಎಷ್ಟೋ ಕಡಿಮೆ ಪ್ರಮಾಣದ ವಿಕಿರಣದಿಂದ! ನಮ್ಮಲ್ಲಿ ಮಗು ದೊಡ್ಡದಾಗಿ, ತಲೆನೋವೆಂದು ಹೊಸ ವೈದ್ಯರ ಬಳಿ ಹೋದಾಗ ಪ್ಲಾಸ್ಟಿಕ್ ಚೀಲದಿಂದ ಹೊರಬರುವುದು ಅಕ್ಷರ ಮಾಸಿದ ಡಿಸ್‌ಚಾರ್ಜ್ ಚೀಟಿ. ವಿಕಿರಣ ಕೊಟ್ಟ ಭಾಗ, ಪ್ರಮಾಣ, ದಿನಾಂಕ, ಮುಂದಿನ ತಪಾಸಣೆಗಳ ವಿವರವಿರುವ ಪುಟ್ಟ ಪುಸ್ತಕವನ್ನು, ತಾಯಿ ಕಾರ್ಡ್‌ನಂತೆ, ಕನ್ನಡದಲ್ಲೇ ಮುದ್ರಿಸಿ ಪ್ರತಿ ಕುಟುಂಬಕ್ಕೂ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕು.

– ಓದುಗ, ಶಿವಮೊಗ್ಗ