ಲೇಹ್‌ಗೆ ಹೊರಟ ಮಗಳಿಗೆ

ಕೋಡಿ, ಕುಂದಾಪುರ

ಮಗಾ,

ಪೋಸ್ಟಿಂಗ್ ಆರ್ಡರ್ ಬಂದ ರಾತ್ರಿ ಫೋನಿನಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ. ಅದನ್ನು ಮತ್ತೆ ಎತ್ತುವುದಿಲ್ಲ. ಲೇಹ್‌ನ ಆಸ್ಪತ್ರೆಗೆ ನರ್ಸಾಗಿ ಹೋಗುವ ಹುಡುಗಿ ನಮ್ಮನೆಯವಳು ಅಂತ ಮೀನು ಮಾರ್ಕೆಟ್ಟಿನಲ್ಲೂ ಹೇಳಿ ಬಂದಿದ್ದೇನೆ.

ಇವತ್ತು ಬೆಳಗ್ಗೆ ಅಳಿವೆಗೆ ಗಾಳ ಹಾಕಲು ಹೋಗಿದ್ದೆ. ಮೂಡಗಾಳಿ ಇತ್ತು. ಡಿಸೆಂಬರಿನಲ್ಲಿ ಹಾಗೇ ಅಲ್ವಾ, ರಾತ್ರಿ ನೆಲ ತಣ್ಣಗಾಗಿ ಗಾಳಿ ಕಡಲ ಕಡೆ ಹೋಗುತ್ತದೆ, ಬಿಸಿಲೇರಿದ ಮೇಲೆ ಪಡುಗಾಳಿ ತಿರುಗಿ ನೀರು ಕದಡುತ್ತದೆ. ಅಷ್ಟರೊಳಗೆ ಸಾರಿಗಾಗುವಷ್ಟು ಕಾಣೆ ಸಿಕ್ಕಿತು. ಆದರೆ ಕಣ್ಣು ಗಾಳದ ಮೇಲಿರಲಿಲ್ಲ, ಕಡಲಕ್ಕಿಗಳ ಮೇಲಿತ್ತು.

ಕಂದುತಲೆಯ ಕಡಲಕ್ಕಿ ಅಂತ ಹೆಸರು. ಈಗ ಮಾತ್ರ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ದೃಷ್ಟಿಬೊಟ್ಟು ಇಟ್ಟ ಹಾಗೆ ಒಂದು ಕಪ್ಪು ಗುರುತು. ಕಾಲು ಕೆಂಪು, ಕೊಕ್ಕೂ ಕೆಂಪು, ತುದಿ ಕಪ್ಪು. ಒಂದು ಹಕ್ಕಿ ಹತ್ತಿರದ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ನನ್ನ ಸಿಗಡಿ ಡಬ್ಬಿಯನ್ನೇ ನೋಡುತ್ತಿತ್ತು. ಚಳಿ ಮುಗಿಯುವ ಹೊತ್ತಿಗೆ ತಲೆಯೆಲ್ಲ ಕಂದಾಗುತ್ತದೆ, ಆಮೇಲೆ ಹೊರಟುಬಿಡುತ್ತವೆ.

ಇವು ಮರಿ ಮಾಡುವುದು ಎತ್ತರದ ಸರೋವರಗಳಲ್ಲಿ. ಲಡಾಖಿನ ತ್ಸೋ ಮೊರಿರಿಯಲ್ಲೂ ಮಾಡುತ್ತವೆ. ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ಇಳಿದು ಬರುತ್ತವೆ. ರೆಕ್ಕೆ ಇರುವ ಜೀವವೇ ಬಿಟ್ಟು ಬರುವ ಕಾಲಕ್ಕೆ ನೀನು ಆ ಕಡೆ ಹೊರಟಿದ್ದೀಯ. ಬೆಳಗ್ಗೆಯಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ಹಕ್ಕಿಗೆ ಅಲ್ಲಿ ಆಗ ತಿನ್ನಲು ಸಿಗುವುದಿಲ್ಲ, ನಿನಗೆ ಸಿಗುತ್ತದೆ, ಕೋಣೆ ಇದೆ, ಹಾಸಿಗೆ ಇದೆ. ಹಾಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಮರುಕ್ಷಣ ಮತ್ತೆ ಅದೇ ಯೋಚನೆ. ಇಲ್ಲಿ 20 ಡಿಗ್ರಿಗೆ ಇಳಿದರೆ ಮಫ್ಲರ್ ಹುಡುಕುವ ಊರು ನಮ್ಮದು. ಅಲ್ಲಿ ಜನವರಿ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೂ ಹೋಗುತ್ತದೆ.

ಉಪದೇಶ ಬೇಡ ಅಂದಿದ್ದೆ, ಗೊತ್ತು. ಆದರೂ ಕೇಳು. ಅದು 3,500 ಮೀಟರ್ ಎತ್ತರದ ಊರು. ವಿಮಾನ ಇಳಿದ ಮೊದಲ ಎರಡು ದಿನ ಸುಮ್ನೆ ಮಲಗು. ಡ್ಯೂಟಿ ಅಂತ ಓಡಬೇಡ. ನೀರು ಜಾಸ್ತಿ ಕುಡಿ. ತಲೆ ಸಿಡಿದರೆ, ಉಸಿರು ಕಟ್ಟಿದರೆ ನಾಳೆ ನೋಡೋಣ ಅನ್ನಬೇಡ. ಬೇರೆಯವರನ್ನು ನೋಡಿಕೊಳ್ಳುವ ನರ್ಸಿಗೆ ತನ್ನ ಮೈ ಕೊನೆಗೇ ನೆನಪಾಗುವುದು. ಇನ್ನು ಬುಖಾರಿ, ಅದೇ ಕೋಣೆ ಬಿಸಿ ಮಾಡುವ ಒಲೆ. ಅದನ್ನು ಉರಿಸಿಕೊಂಡು ಬಾಗಿಲು ಕಿಟಕಿ ಬಿಗಿದು ನಿದ್ದೆ ಮಾಡಬಾರದು. ಅದರ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಲಗುವ ಮೊದಲು ಆರಿಸು. ಕಿಟಕಿಯನ್ನು ಬೆರಳಷ್ಟಾದರೂ ತೆರೆದಿಡು.

ಅಮ್ಮ ಒಣಸಿಗಡಿ ಚಟ್ನಿ ಕಟ್ಟಿದ್ದಾಳೆ, ಉಣ್ಣೆ ಸಾಕ್ಸ್ ಅದರ ಕೆಳಗಿದೆ. ಕೋಣೆ ಸಿಕ್ಕಿದ ದಿನವೇ ಫೋನ್ ಮಾಡಿ ಕಿಟಕಿ ಸರಿಯಾಗಿ ತೆರೆಯುತ್ತದಾ ಹೇಳು. ಉಳಿದದ್ದೆಲ್ಲ ಆಮೇಲೆ ಮಾತಾಡೋಣ.

ನಿನ್ನ ಅಪ್ಪಯ್ಯ