ತಕಿಟ ತಕಿಟ ತಕಿಟ ತಕ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಕಾಮಾಲೆಯೆಂದು ಗೊತ್ತಾಗಿ ವೈದ್ಯರು ಒಂದು ತಿಂಗಳು ಮನೆಯಲ್ಲೇ ಮಲಗಿಸಿದ್ದಾರೆ ಎಂದು ನೀನು ಬರೆದದ್ದನ್ನು ಓದಿ ಮನಸ್ಸು ಮುದುಡಿತು. ಗಂಜಿ, ಮಜ್ಜಿಗೆ, ಮತ್ತೆ ಗಂಜಿ. ಪತ್ರದ ಕೊನೆಯಲ್ಲಿ ಓದಲು, ನೋಡಲು, ಕೇಳಲು ಒಂದೊಂದು ಹೇಳು, ನೀನು ಮತ್ತೆ ಮತ್ತೆ ಮರಳುವಂಥದ್ದನ್ನೇ ಹೇಳು ಎಂದು ಕೇಳಿದ್ದೀಯಲ್ಲ, ಎರಡು ರಾತ್ರಿ ಅದನ್ನೇ ಯೋಚಿಸಿದೆ. ನನ್ನ ಮೂರು ಆಯ್ಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಒಂದು ಸಂಗತಿ ಹೊಳೆಯಿತು. ಮೂರರಲ್ಲೂ ಮುಂದೇನಾಗುತ್ತದೆ ಎನ್ನುವುದು ನನಗೆ ಮೊದಲೇ ಗೊತ್ತು. ಗದಾಯುದ್ಧದ ಆಟಕ್ಕೆ ಹೋಗಿ ಕುಳಿತವರಿಗೆ ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿಲ್ಲವೇ? ಆದರೂ ಬೆಳಗಾಗುವ ತನಕ ಯಾರೂ ಏಳುವುದಿಲ್ಲ.

ಓದಲು ಫ್ರೆಡರಿಕ್ ಫೋರ್ಸೈತ್ ಅವರ ‘ದಿ ಡೇ ಆಫ್ ದಿ ಜಾಕಲ್’ ತರಿಸಿಕೋ. ಯುದ್ಧ ವರದಿ ಮಾಡಿ ಕೈ ಬರಿದಾಗಿ ಇಂಗ್ಲೆಂಡಿಗೆ ಮರಳಿದ್ದ ಅವರು 1970ರ ಆರಂಭದಲ್ಲಿ 35 ದಿನಗಳಲ್ಲಿ ಇದನ್ನು ಬರೆದು ಮುಗಿಸಿದರು. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಗೊತ್ತುಮಾಡಿದ ಬಾಡಿಗೆ ಹಂತಕನ ಕಥೆ. ಹಸ್ತಪ್ರತಿ ಪ್ರಕಾಶಕರ ಬಾಗಿಲು ಸುತ್ತುತ್ತಿದ್ದಾಗ ಡಿ ಗಾಲ್ ಇನ್ನೂ ಬದುಕಿದ್ದರು. ಕೊಲೆ ನಡೆಯಲಿಲ್ಲವೆಂದು ಜಗತ್ತಿಗೇ ಗೊತ್ತಿರುವಾಗ ಓದುಗನಿಗೆ ಕುತೂಹಲ ಎಲ್ಲಿಂದ ಹುಟ್ಟಬೇಕು ಎಂದು ಹಲವರು ಅದನ್ನು ಹಿಂದಿರುಗಿಸಿದರು. 1971ರಲ್ಲಿ ಪುಸ್ತಕ ಹೊರಬಂದಾಗ ಉತ್ತರ ಸಿಕ್ಕಿತು. ಹಂತಕ ಹಳ್ಳಿಯ ಚರ್ಚಿನ ಸ್ಮಶಾನದಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗುವಿನ ಸಮಾಧಿ ಹುಡುಕುತ್ತಾನೆ. ಆ ಹೆಸರಿನ ಜನನ ಪ್ರಮಾಣಪತ್ರ ತರಿಸಿ, ಅದರ ಬಲದಿಂದ ಪಾಸ್‌ಪೋರ್ಟ್ ಪಡೆಯುತ್ತಾನೆ. ಇತ್ತ ಅವನ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಲೆಬೆಲ್ ಮೆದು ಮಾತಿನ ಕುಳ್ಳ ಮನುಷ್ಯ. ಅವನ ಆಯುಧಗಳೆಂದರೆ ಒಂದು ಟೆಲಿಫೋನ್, ಹೋಟೆಲುಗಳಿಂದ ಬರುವ ಅತಿಥಿಗಳ ಚೀಟಿಗಳು ಮತ್ತು ತಾಳ್ಮೆ. ಇಬ್ಬರೂ ತಮ್ಮ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆಂದರೆ, ಯಾರ ಕೆಲಸ ಕೆಡಬೇಕೆಂದು ಆಶಿಸುವುದೋ ತಿಳಿಯದೆ ಚಡಪಡಿಸುತ್ತೀಯ. ಕೊನೆಯ ಪುಟ ಮಾತ್ರ ನಾನು ಹೇಳುವುದಿಲ್ಲ.

ನೋಡಲು ‘ಫಾಲ್ಟಿ ಟವರ್ಸ್’ ಎಂಬ ಹಾಸ್ಯ ಧಾರಾವಾಹಿ. ಬಿಬಿಸಿಯಲ್ಲಿ 1975ರಲ್ಲಿ ಆರು ಕಂತು, 1979ರಲ್ಲಿ ಆರು ಕಂತು, ಅಷ್ಟೇ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಮೊದಲ ಕಂತುಗಳ ಹೊತ್ತಿಗೆ ಗಂಡ ಹೆಂಡತಿಯಾಗಿದ್ದವರು, ಬೇರೆಯಾದ ಮೇಲೂ ಜೊತೆಗೆ ಕುಳಿತು ಉಳಿದದ್ದನ್ನು ಪೂರೈಸಿದರು. ಆ ನಿಷ್ಠೆಯನ್ನು ನಾನು ಬಹಳ ಗೌರವಿಸುತ್ತೇನೆ. ಟಾರ್ಕಿ ಎಂಬ ಕಡಲೂರಿನ ಹೋಟೆಲ್ ಮಾಲೀಕ ಬೇಸಿಲ್ ಒಂದು ಸಣ್ಣ ಸುಳ್ಳು ಹೇಳುತ್ತಾನೆ, ಅದನ್ನು ಮುಚ್ಚಲು ಇನ್ನೊಂದು, ಅರ್ಧ ಗಂಟೆಯಲ್ಲಿ ಇಡೀ ಹೋಟೆಲು ತಲೆಕೆಳಗು. ಮೊದಲ ಐದು ನಿಮಿಷದಲ್ಲಿ ಆಡಿದ ಒಂದು ಮಾತೂ ವ್ಯರ್ಥವಾಗುವುದಿಲ್ಲ. ನಡುದಾರಿಯಲ್ಲಿ ಕೆಟ್ಟು ನಿಂತ ಕಾರಿಗೆ ಎಚ್ಚರಿಕೆ ಕೊಟ್ಟು, ಎಣಿಸಿ, ಆಮೇಲೆ ಮರದ ಕೊಂಬೆ ತಂದು ಅದನ್ನು ಥಳಿಸುವ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವನು ಕೊಂಬೆ ತರಲು ಓಡುವಾಗ ಪರದೆಯ ಮೇಲೆ ಕಾರು ಮಾತ್ರ ಉಳಿಯುತ್ತದೆ. ನನಗೆ ನಗು ಉಕ್ಕುವುದು ಆ ಕ್ಷಣದಲ್ಲೇ. ದಿನಕ್ಕೊಂದೇ ಕಂತು ನೋಡು.

ಇನ್ನು ಹಾಡು. ಇದಕ್ಕಾಗಿಯೇ ಈ ಪತ್ರ ಇಷ್ಟು ಉದ್ದವಾಗುತ್ತಿದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬ್ಲೂಸ್, ಕಂಟ್ರಿ, ಜಾಝ್ ಎಲ್ಲವೂ ಕಲೆತು ಹುಟ್ಟಿದ ಸದರ್ನ್ ರಾಕ್‌ನ ಮೂಲಪುರುಷರೆಂದರೆ ಆಲ್‌ಮನ್ ಬ್ರದರ್ಸ್ ತಂಡದವರು. 1969ರಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಸೇರಿದ ಆರು ಮಂದಿ, ಬೇಗನೆ ಜಾರ್ಜಿಯಾದ ಮೇಕನ್ ಊರಿಗೆ ಬಂದು ನೆಲೆಸಿದರು. ಇಬ್ಬರು ಗಿಟಾರ್ ವಾದಕರು, ಇಬ್ಬರು ಡ್ರಮ್ಸ್ ವಾದಕರು. ಆ ಕಾಲದ ದಕ್ಷಿಣದಲ್ಲಿ ಕರಿಯ ವಾದಕ ಜೈಮೋ ಬಿಳಿಯರ ಜೊತೆ ಒಂದೇ ತಂಡದಲ್ಲಿ, ಒಂದೇ ವೇದಿಕೆಯಲ್ಲಿ ಕುಳಿತು ನುಡಿಸಿದ್ದು ಸಣ್ಣ ವಿಷಯವಲ್ಲ. ಡ್ವೇನ್ ಆಲ್‌ಮನ್ ಶೀತದ ಮಾತ್ರೆಯ ಖಾಲಿ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು ಗಿಟಾರಿನ ತಂತಿಯ ಮೇಲೆ ಜಾರಿಸುತ್ತಿದ್ದ. ನಮ್ಮ ಗಾಯಕರ ಗಮಕ ಕೇಳಿ ಬೆಳೆದ ಕಿವಿಗೆ ಆ ಸ್ವರದ ಜಾರು ಪರಕೀಯ ಎನಿಸುವುದೇ ಇಲ್ಲ.

1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಧ್ವನಿಮುದ್ರಿಸಿದ ಕಛೇರಿಯನ್ನು ಕೇಳು. ಕೊನೆಯ ಹಾಡು ‘ವಿಪಿಂಗ್ ಪೋಸ್ಟ್’. ಡ್ವೇನ್‌ನ ತಮ್ಮ ಗ್ರೆಗ್ ಇದು ಹೊಳೆದ ರಾತ್ರಿ ಕಾಗದ ಸಿಗದೆ, ಸುಟ್ಟ ಬೆಂಕಿಕಡ್ಡಿಯ ಇದ್ದಿಲಿನಿಂದ ಇಸ್ತ್ರಿ ಮೇಜಿನ ಬಟ್ಟೆಯ ಮೇಲೆ ಸಾಲುಗಳನ್ನು ಗೀಚಿಕೊಂಡನಂತೆ. ಆರಂಭದಲ್ಲಿ ಬೇಸ್ ಗಿಟಾರ್ ಒಂದೇ ನುಡಿಯುತ್ತದೆ. ಆಗ ಅಂಗೈಯಿಂದ ತೊಡೆ ತಟ್ಟುತ್ತ ‘ತಕಿಟ ತಕಿಟ ತಕಿಟ ತಕ’ ಎಂದುಕೋ. ಹನ್ನೊಂದು ಎಣಿಕೆ, ಸರಿಯಾಗಿ ಕೂರುತ್ತದೆ. ತಾನು ಬರೆದದ್ದು ಹನ್ನೊಂದರ ಲೆಕ್ಕದ್ದೆಂದು ಗ್ರೆಗ್‌ಗೆ ಗೊತ್ತೇ ಇರಲಿಲ್ಲ, ಅಣ್ಣ ಹೇಳಿದ ಮೇಲೆ ತಿಳಿಯಿತು. ಹಾಡು ಸುಮಾರು 23 ನಿಮಿಷ ನಡೆಯುತ್ತದೆ. ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಪಿಸುಮಾತಿಗೆ ಇಳಿದು, ತಾಳವೇ ಕರಗಿಹೋದಂತಾಗಿ, ಮತ್ತೆ ನಿಧಾನವಾಗಿ ಎದ್ದು ನಿಲ್ಲುತ್ತವೆ. ಪ್ರತಿ ಸ್ವರ ಬಾಯಿಪಾಠವಾಗಿದ್ದರೂ ಅಲ್ಲಿ ನನ್ನ ಉಸಿರು ಕಟ್ಟುತ್ತದೆ.

ಅದೇ ಕಛೇರಿಯಲ್ಲಿ ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’ ಎಂಬ ಸಾಹಿತ್ಯವಿಲ್ಲದ ಕೃತಿಯೂ ಇದೆ. ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ಬಹಿರಂಗವಾಗಿ ಹೆಸರಿಸಲಾಗದ ಒಬ್ಬ ಹೆಣ್ಣಿಗಾಗಿ ಇದನ್ನು ರಚಿಸಿದ. ಮೇಕನ್ನಿನ ರೋಸ್ ಹಿಲ್ ಸ್ಮಶಾನದ ಒಂದು ಕಲ್ಲಿನ ಮೇಲೆ ಕಂಡ ಹೆಸರನ್ನು ಅದಕ್ಕೆ ಇಟ್ಟ. ಫೋರ್ಸೈತ್‌ನ ಹಂತಕನೂ ಹೆಸರನ್ನು ಸಮಾಧಿಯ ಕಲ್ಲಿನಿಂದಲೇ ಎತ್ತಿಕೊಂಡವನು. ಈ ಪತ್ರ ಬರೆಯುವಾಗಲೇ ನನಗೆ ಅದು ಹೊಳೆದದ್ದು, ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಆ ಧ್ವನಿಮುದ್ರಿಕೆ ಜುಲೈನಲ್ಲಿ ಹೊರಬಂತು. ಅಕ್ಟೋಬರ್ 29ರಂದು ಡ್ವೇನ್ ಮೇಕನ್ನಿನ ರಸ್ತೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ, ವಯಸ್ಸು 24. ಮರುವರ್ಷ ಬೇಸ್ ವಾದಕ ಬೆರಿ ಓಕ್ಲಿ, ಅಲ್ಲಿಂದ ಕೂಗಳತೆಯ ದೂರದಲ್ಲಿ, ಬೈಕ್ ಅಪಘಾತದಲ್ಲೇ, ಅದೇ ವಯಸ್ಸಿನಲ್ಲಿ. ಇಬ್ಬರೂ ಈಗ ಅದೇ ರೋಸ್ ಹಿಲ್‌ನಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದಾರೆ.

ಸದರ್ನ್ ರಾಕ್‌ನ ಇನ್ನೊಂದು ತಂಡ ಲಿನಿರ್ಡ್ ಸ್ಕಿನಿರ್ಡ್‌ನ ಹಾಡುಗಳನ್ನೂ ನಿನಗೆ ಯಾರಾದರೂ ಹೇಳಿಯಾರು. ಅವರ ಗಿಟಾರ್ ಗುಂಪು ನನಗೂ ಇಷ್ಟ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಸೇನೆಯ ಬಾವುಟ ಅವರ ವೇದಿಕೆಯ ಹಿಂದೆ ತೂಗುತ್ತಿದ್ದುದು ಮಾತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಮುಂದಿನ ಭಾನುವಾರ ಪುಸ್ತಕ ಹಿಡಿದು ನಾನೇ ಬರುತ್ತೇನೆ. ಅಷ್ಟರಲ್ಲಿ ‘ವಿಪಿಂಗ್ ಪೋಸ್ಟ್’ ಒಮ್ಮೆಯಾದರೂ ಕೇಳಿ, ತೊಡೆ ತಟ್ಟುತ್ತಿದ್ದ ನಿನ್ನ ಕೈ ಎಷ್ಟನೆಯ ನಿಮಿಷದಲ್ಲಿ ಲೆಕ್ಕ ಬಿಟ್ಟಿತು ಎಂದು ಗುರುತು ಹಾಕಿಡು.

ನಿನ್ನ ಗೆಳೆಯ